ಮನಿ ತಗೊಳ್ಳೂಮುಂದ ಏಜೆಂಟ್ ಹಿಡಿಬೇಕಾ, ಹಿಡದ್ರ ಅವರಿಂದ ಕೆಲಸ ಹೆಂಗ ತಗೋಬೇಕು

ವಿಜಯಪುರದಾಗ ಮನಿನೋ ಪ್ಲಾಟೋ ನೋಡಾಕ ಹೊಂಟವ್ರು ಎಲ್ಲಾರೂ ಒಂದ ಮಾತು ಕೇಳ್ತಾರ, ಏಜೆಂಟ್‌ಗ ಸುಮ್ನ ಯಾಕ ರೊಕ್ಕ ಕೊಡೂದು, ಮಾಲಕರ ನಂಬರ್ ಸಿಕ್ರ ನಾವ ಮಾತಾಡ್ತೀವಲ್ಲ ಅಂತ. ನಂಬರ್ ಸಿಗೂದು ದೊಡ್ಡ ಮಾತಲ್ಲ ಬಿಡ್ರಿ, ಈಗ ಎಲ್ಲಾ ವಾಟ್ಸಾಪ್ ಗ್ರೂಪಿನ್ಯಾಗ ಬರ್ತಾವ. ನನ್ನ ಪ್ರಕಾರ ಏಜೆಂಟ್‌ಗ ಕೊಡೂ ರೊಕ್ಕ ಮನಿ ತೋರ್ಸಿದ್ದಕ್ಕಲ್ಲ, ಸಂಚಕಾರ (ಮುಂಗಡ ರೊಕ್ಕ) ಕೊಡೂಕಿಂತ ಮೊದಲ ಆ ಜಾಗದ ಬಗ್ಗೆ, ಆ ಮನಿತನದ ಬಗ್ಗೆ ತನಗ ಗೊತ್ತಿರೂದನ್ನ ನಿಮಗ ಬಿಚ್ಚಿ ಹೇಳಿದ್ದಕ್ಕ. ಅದನ್ನ ಹೇಳೂ ಏಜೆಂಟ್ ಸಿಕ್ರ ಒಂದು ಪರ್ಸೆಂಟ್ ಕಮಿಷನ್ ಹೆಚ್ಚಿಂದಲ್ಲ. ಬರೇ ಕೀಲಿ ತಗದು ರೂಮ್ ತೋರ್ಸಿ ಹೋಗಾವ್ರಾದ್ರ ಬ್ಯಾರೆಯವ್ರನ್ನ ನೋಡ್ರಿ.

ಮೊದಲ ಕೇಳಬೇಕಾದ್ದು ಮನಿತನದ ಸುದ್ದಿ. ನಮ್ ಕಡೆ ಹಳೇ ಓಣಿ ಮನಿ ಅಂದ್ರ ಬಹಳಷ್ಟು ಪಿತ್ರಾರ್ಜಿತ ಆಸ್ತಿ, ಉತಾರದಾಗ (ಆಸ್ತಿ ದಾಖಲೆಯಾಗ) ಒಬ್ಬರ ಹೆಸರು ಇರ್ತೈತಿ, ಅವ್ರು ಬಂದು ಮಾರ್ತೀನಿ ಅಂತಾರ, ಆದ್ರ ಅವರಪ್ಪಗ ಮಕ್ಕಳೆಷ್ಟು, ಅಕ್ಕತಂಗ್ಯಾರನ್ನ ಯಾವ ಊರಿಗೆ ಕೊಟ್ಟಾರ, ವಾಟ್ನಿ (ಆಸ್ತಿ ಪಾಲು) ರಿಜಿಸ್ಟರ್ ಆಗೇತೋ ಇಲ್ಲಾ ಹಿರ್‍ಯಾರ ಮುಂದ ಬಾಯಿಮಾತಿನ್ಯಾಗ ಹಂಚ್ಕೊಂಡಾರೋ, ಇದು ಉತಾರ ಓದಿದ್ರ ತಿಳಿಯೂದಿಲ್ಲ. ಹಿಂದೂ ಉತ್ತರಾಧಿಕಾರ ಕಾನೂನಿಗೆ 2005ರ ತಿದ್ದುಪಡಿ ಬಂದಮ್ಯಾಲ ಹಿಂದೂ ಅವಿಭಕ್ತ ಕುಟುಂಬದಾಗ ಹೆಣ್ಣಮಕ್ಕಳಿಗೂ ಗಂಡಮಕ್ಕಳಷ್ಟ ಪಾಲು, ಅಪ್ಪ 2005ಕ್ಕಿಂತ ಮೊದಲ ತೀರ್ಕೊಂಡಿದ್ರೂ ಮಗಳ ಹಕ್ಕು ಹೋಗೂದಿಲ್ಲ ಅಂತ 2020ರಾಗ ಸುಪ್ರೀಂ ಕೋರ್ಟ್ ಹೇಳೈತಿ. 2004ರ ಡಿಸೆಂಬರ್ 20ಕ್ಕಿಂತ ಮೊದಲ ರಿಜಿಸ್ಟರ್ ವಾಟ್ನಿ ಆಗಿದ್ರ ಆ ಮಾತು ಬ್ಯಾರೆ. ಅದ ಓಣ್ಯಾಗ ವರ್ಷಾನಗಟ್ಟಲೆ ದಲಾಲಿ ಮಾಡಿದವ್ರಿಗೆ ಇದೆಲ್ಲಾ ಬಾಯಾಗ ಇರ್ತೈತಿ, ಅಣ್ಣತಮ್ಮರ ಜಗಳ ಕೋರ್ಟಿನ್ಯಾಗ ಐತಿ, ಸೊಲ್ಲಾಪುರಕ್ಕ ಕೊಟ್ಟ ತಂಗಿ ಸಹಿ ಮಾಡಾಕ ಒಪ್ಪವಲ್ಲಳು, ಹಿಂದ ಒಬ್ಬರು ಸಂಚಕಾರ ಕೊಟ್ಟು ಸಿಕ್ಕೊಂಡಾರ, ಅಂತ. ಅದಕ್ಕ ಏಜೆಂಟ್‌ಗ ನೇರ ಕೇಳ್ರಿ, ಈ ಮನಿಗೆ ಸಹಿ ಮಾಡಬೇಕಾದವ್ರು ಯಾರ್‍ಯಾರು, ಹೆಸರು ಬರದು ಕೊಡ್ರಿ ಅಂತ. ಆ ಪಟ್ಟಿನ ವಂಶಾವಳಿ ಜೋಡಿ ತಾಳೆ ಹಾಕಿ ನಿಮ್ಮ ವಕೀಲರಿಗೆ ತೋರಿಸ್ರಿ. ವಕೀಲರನ್ನ ನೀವ ಹಿಡೀರಿ, ಏಜೆಂಟ್ ಕರಕೊಂಡು ಬಂದ ವಕೀಲರು ಬ್ಯಾಡ. ಏಜೆಂಟ್ ಇದ್ದಾರಂತ ವಕೀಲರನ್ನ ಬಿಡೂದು, ವಕೀಲರು ಇದ್ದಾರಂತ ಏಜೆಂಟ್‌ಗ ಕೇಳದ ಇರೂದು, ಎರಡೂ ತಪ್ಪು, ಒಬ್ಬರು ಕಾಗದ ನೋಡ್ತಾರ, ಇನ್ನೊಬ್ರಿಗೆ ಕಾಗದದಾಗ ಇಲ್ಲದ್ದು ಗೊತ್ತಿರ್ತೈತಿ.

ಎರಡನೇದು ಜಾಗ. ವಿಜಯಪುರದಾಗ ಇದನ್ನ ಬಿಟ್ರ ಕೆಟ್ಟು ಹೋಗ್ತೈತಿ, ಯಾಕಂದ್ರ ಗೋಲಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ ಹಂತಾ ಕೇಂದ್ರದ ಪುರಾತತ್ವ ಇಲಾಖೆ ಕಾಯೂ ಸ್ಮಾರಕ ಊರತುಂಬ ಅದಾವ. 2010ರ ಕಾನೂನು ಪ್ರಕಾರ ಹಂತಾ ಸ್ಮಾರಕದಿಂದ 100 ಮೀಟರ್ ಒಳಗ ಹೊಸಾ ಮನಿ ಕಟ್ಟೂಹಂಗಿಲ್ಲ, ಅದರಾಚೆ ಇನ್ನ 200 ಮೀಟರ್ ತನಕ ಕಟ್ಟಬೇಕಂದ್ರ ಪರ್ಮಿಶನ್ ತಗೋಬೇಕು. ಹಳೇ ಮನಿ ಅಗ್ಗಕ್ಕ ಸಿಕ್ತು, ಕೆಡವಿ ಎರಡು ಅಂತಸ್ತು ಏರಿಸೋಣು ಅಂತ ತಗೊಂಡ್ರ ಕಟ್ಟಾಕ ಬರೂದಿಲ್ಲ, ರೊಕ್ಕ ಮಣ್ಣಾಗ. ಊರು ಗೊತ್ತಿದ್ದ ಏಜೆಂಟ್ ಇದನ್ನ ಮೊದಲ ಹೇಳ್ತಾರ, ಅವರ ಹೇಳಲಿಲ್ಲಂದ್ರ ನೀವ ಕೇಳ್ರಿ.

ಬಾಗಲಕೋಟಿ ಕಡೆ ನೋಡಾವ್ರಿಗೆ ಬ್ಯಾರೆ ತರಹದ ತಿಳುವಳಿಕಿ ಬೇಕು. ನವನಗರ ಆಲಮಟ್ಟಿ ಹಿನ್ನೀರಿನ ಮುಳುಗಡೆ ಮಂದಿಗಂತ ಎದ್ದ ಊರು, ಸೈಟು ಮೊದಲ ಯಾರಿಗೆ ಹಂಚಿಕಿ ಆಗಿತ್ತು, ಬಿಟಿಡಿಎ (ಬಾಗಲಕೋಟಿ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ) ಕಾಗದ ಅವರ ಹೆಸರಿಗೆ ಪೂರಾ ಆಗೇತೋ, ಮಾರೂದಕ್ಕ ಏನರ ಕಂಡೀಶನ್ ಅದಾವೋ ಅಂತ ಅಲ್ಲಿ ದಿನಾ ವ್ಯವಹಾರ ಮಾಡೂ ಏಜೆಂಟ್‌ಗ ಕೇಳಬೇಕು. ಹಳೇ ಖರೇದಿ ಪತ್ರದಾಗ ಜಿಲ್ಲಾ ಬಿಜಾಪುರ ಅಂತ ಇದ್ರ ಗಾಬರಿ ಆಗಬ್ಯಾಡ್ರಿ, ಬಾಗಲಕೋಟಿ ಬ್ಯಾರೆ ಜಿಲ್ಲಾ ಆಗಿದ್ದು 1997ರಾಗ.

ಊರ ಹೊರಗ ಬೈಪಾಸ್ ಕಡೆ ಪ್ಲಾಟ್ ತೋರಿಸಿದ್ರ ಎನ್‌ಎ (ಹೊಲವನ್ನ ಕೃಷಿಯೇತರ ಬಳಕೆಗೆ ಬದಲಿಸಿದ್ದು) ಆಗೇತಿ ಅನ್ನೂ ಮಾತಿಗೆ ನಿಲ್ಲಬ್ಯಾಡ್ರಿ. ಎನ್‌ಎ ಆರ್ಡರ್, ಮಂಜೂರಾದ ಲೇಔಟ್ ನಕ್ಷೆ, ಕೆಜೆಪಿ (ಸರ್ವೇ ಇಲಾಖೆಯ ಕಮ್ಮಿ ಜಾಸ್ತಿ ಪತ್ರಕ), ಮೂರೂ ಕೈಯಾಗ ಬರಲಿ. ಹೊಲದ ಉತಾರದ ಮ್ಯಾಲ ಗುಂಟೆ ಲೆಕ್ಕದಾಗ ತುಂಡು ಮಾಡಿ ಮಾರೂದು ಬ್ಯಾಡವೇ ಬ್ಯಾಡ. ಇನ್ನೊಂದು, ನಮ್ದು ಎರಿ ಭೂಮಿ. ಪಾಯಾ ಆಳಕ್ಕ ಹೋಗಿರಲಿಲ್ಲಂದ್ರ ಮಳಿಗಾಲಕ್ಕ ಮಣ್ಣು ಉಬ್ಬತೈತಿ, ಬ್ಯಾಸಗಿಗೆ ಬಿರದು ಇಳೀತೈತಿ, ಗ್ವಾಡಿ ಬಿರಕ್ ಬಿಡ್ತಾವ, ಹೊಸಾ ಬಣ್ಣ ಹಚ್ಚಿದ್ರ ಕಾಣೂದಿಲ್ಲ. ಯಾವ ಮೇಸ್ತ್ರಿ ಕಟ್ಟಿದ್ದು, ಬೋರ್ ನೀರು ಸವಳೋ ಸಿಹಿನೋ, ನಳಾ ಎಷ್ಟ ದಿನಕ್ಕೊಮ್ಮೆ ಬರ್ತೈತಿ, ಕೇಳ್ಕೊಂಡು ಆಮ್ಯಾಲ ಬಾಜೂ ಮನಿಯವ್ರಿಗೂ ಒಂದ್ ಮಾತು ಕೇಳ್ರಿ.

ರೇಟಿನ ವಿಷಯಕ್ಕ ಬಂದ್ರ ಏಜೆಂಟ್ ಖರೇನ ಉಪಯೋಗ ಆಗೂದು ಇಲ್ಲೆ, ಮೋಸ ಆಗೂದೂ ಇಲ್ಲೆ. ಅದ ಓಣ್ಯಾಗ ಇತ್ತೀಚಿಗೆ ಯಾವ ಮನಿ ಎಷ್ಟಕ್ಕ ಹೋತು ಅಂತ ಅವ್ರಿಗೆ ಗೊತ್ತಿರ್ತೈತಿ. ನಮ್ ಮಂದಿ ಎದುರಾಎದುರು ಕುಂತ್ರ ಚಾದಾಗ ಸಂಕೋಚ ಬೆರಸಿ ಕುಡೀತಾರ, ಇನ್ನೊಂದು ಲಕ್ಷ ಬಿಡ್ರಿ ಅನ್ನಾಕ ಬಾಯಿ ಬರೂದಿಲ್ಲ, ಅದರಾಗೂ ಬೀಗರ ಪೈಕಿ ಇದ್ರ ಮುಗೀತು. ಆ ಮಾತು ಏಜೆಂಟ್ ಆಡ್ತಾರ, ನಿಮ್ಮ ಸಂಬಂಧ ಉಳೀತೈತಿ. ಆದ್ರ ನೆಟ್ ರೇಟ್ ವ್ಯವಹಾರ ಐತೇನು ಕೇಳ್ರಿ. ಮಾಲಕರು ನನಗ 40 ಲಕ್ಷ ಬಂದ್ರ ಸಾಕು, ಮ್ಯಾಲಿಂದು ನೀ ಇಟ್ಕೋ ಅಂದಿದ್ರ ಏಜೆಂಟ್ ನಿಮಗ ರೇಟ್ ಇಳಸಾಕ ಹೋಗೂದಿಲ್ಲ, ಏರಸ್ತಾರ. ಅದಕ್ಕ ಕಡೀ ಮಾತುಕತಿ ಟೈಮಿಗೆ ಮಾಲಕರು, ನೀವು, ಏಜೆಂಟ್ ಮೂರೂ ಮಂದಿ ಒಂದ ಕಡೆ ಕುಂತು ಆಕಡೆ ಹೇಳಿದ ರೇಟು ಈಕಡೆ ಕೇಳಿದ ರೇಟು ಒಂದ ಐತೋ ನೋಡ್ಕೋರಿ.

ಸಂಚಕಾರ ಕೊಡೂದು ಮಾಲಕರ ಬ್ಯಾಂಕ್ ಅಕೌಂಟಿಗೆ, ಏಜೆಂಟ್ ಕೈಯಾಗ ಅಲ್ಲ. ಆಸ್ತಿ ವ್ಯವಹಾರದಾಗ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಕ್ಯಾಶ್ ತಗೊಂಡ್ರ ತಗೊಂಡವ್ರಿಗೆ ಅಷ್ಟ ದಂಡ ಬೀಳೂ ಕಾನೂನು ಐತಿ, ಇದನ್ನ ಹೇಳಿದ್ರ ಮಾಲಕರೂ ಚೆಕ್ಕಿಗೆ ಒಪ್ಪತಾರ. ಸಂಚಕಾರ ಪತ್ರದಾಗ ಖರೇದಿ ತಾರೀಖು, ಯಾರ್‍ಯಾರು ಸಹಿ ಮಾಡ್ತಾರ, ಕಾಗದದಾಗ ದೋಷ ಬಂದ್ರ ರೊಕ್ಕ ವಾಪಸ್ ಯಾವಾಗ, ಬರಸ್ರಿ. 50 ಲಕ್ಷ ಅಥವಾ ಹೆಚ್ಚಿನ ಮನಿ ಆದ್ರ 1 ಪರ್ಸೆಂಟ್ ಟಿಡಿಎಸ್ (ಮಾಲಕರಿಗೆ ಕೊಡೂ ರೊಕ್ಕದಾಗ ಮುರಕೊಳ್ಳೂ ತೆರಿಗಿ) ಕಟ್ಟೂದು ತಗೊಳ್ಳಾವ್ರ ಜವಾಬ್ದಾರಿ.

ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನ್ಯಾಗ ಇಸಿ (ಋಣಭಾರ ಪತ್ರ) ನೀವ ತಗೀಬಹುದು, ಏಜೆಂಟ್ ಕೊಟ್ಟ ಜೆರಾಕ್ಸ್ ನಂಬೂ ಗರಜ ಇಲ್ಲ. 2024ರ ಅಕ್ಟೋಬರ್‌ನಿಂದ ಸಿಟಿ ಆಸ್ತಿಗೆ ಇ-ಖಾತಾ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ಇಲ್ಲಂದ್ರ ರಿಜಿಸ್ಟ್ರೇಶನ್ ಆಗೂದಿಲ್ಲ, ಹಂಗಾಗಿ ಇ-ಖಾತಾ ಆದಮ್ಯಾಲ ಮುಂದಿನ ಮಾತು ಅಂತ ಏಜೆಂಟ್‌ಗ ಮೊದಲ ಹೇಳ್ರಿ, ಪಾಲಿಕೆಗೆ ಮಾಲಕರನ್ನ ಓಡಾಡ್ಸೂದು ಅವರ ಕೆಲಸ. ಖರ್ಚೂ ಹಿಡದಿಟ್ಕೋರಿ. ರಿಜಿಸ್ಟ್ರೇಶನ್ ಫೀ 2025ರ ಆಗಸ್ಟ್ 31ರಿಂದ 1 ಪರ್ಸೆಂಟ್ ಇದ್ದದ್ದು 2 ಆಗೇತಿ, ಸ್ಟಾಂಪ್ ಡ್ಯೂಟಿ 5, ಅದರ ಮ್ಯಾಲಿನ ಸೆಸ್ಸು ಸರ್ಚಾರ್ಜು ಸೇರಿ ಸಿಟ್ಯಾಗ 7.6 ಪರ್ಸೆಂಟ್, ಅಂದ್ರ 40 ಲಕ್ಷದ ಮನಿಗೆ 3,04,000 ರೂಪಾಯಿ.

ಹೊಸಾ ಲೇಔಟ್, ಅಪಾರ್ಟ್‌ಮೆಂಟ್ ಆದ್ರ ಏಜೆಂಟ್‌ದು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಕೇಳ್ರಿ, 2016ರ ಕಾನೂನು ಪ್ರಕಾರ ರೇರಾ ಪ್ರಾಜೆಕ್ಟ್ ಮಾರೂ ಏಜೆಂಟ್ ಸ್ವತಃ ನೋಂದಣಿ ಆಗಿರಬೇಕು, ಕರ್ನಾಟಕ ರೇರಾ ಸೈಟಿನ್ಯಾಗ ಹುಡುಕಿದ್ರ ಹೆಸರು ಬರ್ತೈತಿ. ಹಳೇ ಮನಿ ತೋರ್ಸಾವ್ರಿಗೆ ಈ ನಂಬರ್ ಇರಲಿಕ್ಕಿಲ್ಲ, ಅಲ್ಲಿ ಹಿಂದ ಅವರಿಂದ ಮನಿ ತಗೊಂಡವ್ರನ್ನ ಕೇಳೂದ ದಾರಿ.

ಮಾರಾವ್ರಿಗೂ ಏಜೆಂಟ್ ಬೇಕಾಗ್ತಾರ, ಸುಮ್ನ ನೋಡಾಕ ಬರಾವ್ರು ಯಾರು, ಬ್ಯಾಂಕ್ ಲೋನ್ ಖರೇನ ಸಿಗೂವ್ರು ಯಾರು ಅಂತ ಸೋಸಿ ಕಳಸ್ತಾರ.

ಕಮಿಷನ್ ಮಾತು ಮನಿ ನೋಡೂಕಿಂತ ಮೊದಲ ಆಗಲಿ. ನಮ್ ಕಡೆ ಸಾಮಾನ್ಯ ಒಂದು ಪರ್ಸೆಂಟ್, ಕೆಲವರು ಎರಡು ಕೇಳ್ತಾರ, ಜಿಎಸ್‌ಟಿ ನಂಬರ್ ಇದ್ದವ್ರಾದ್ರ ಕಮಿಷನ್ ಮ್ಯಾಲ 18 ಪರ್ಸೆಂಟ್ ಬ್ಯಾರೆ. ಎರಡೂ ಕಡೆಯಿಂದ ತಗೊಳ್ಳಾಕತ್ತಾರೋ ಅಂತ ಕೇಳ್ರಿ, ತಗೊಳ್ಳಲಿ, ಆದ್ರ ಮುಚ್ಚಿಡಬಾರದು. ಸಂಚಕಾರದ ದಿನಾನ ಪೂರಾ ಕೊಡಬ್ಯಾಡ್ರಿ. ಅರ್ಧ ಖರೇದಿ ರಿಜಿಸ್ಟರ್ ಆದ ದಿನ, ಉಳಿದಿದ್ದು ಖಾತಾ ನಿಮ್ಮ ಹೆಸರಿಗೆ ಬಂದಮ್ಯಾಲ ಅಂತ ವಾಟ್ಸಾಪ್‌ನ್ಯಾಗರ ಬರದು ಕಳಸಿ, ಅವರು ಹೂಂ ಅಂದಿದ್ದನ್ನ ಇಟ್ಕೋರಿ.