ಕಾಸ್ಟಿಕ್ ಪೂರ್ತಿ ಹೋಯ್ತಾ ಅಂತ ಮೀಟರ್ ನೋಡಿ ಹೇಳುವುದು

ಕೋಲಾರದ ಹತ್ತಿರ ಡೈರಿಯೊಂದರಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ನನ್ನದು. ಪೈಪು, ಟ್ಯಾಂಕು ಬಿಚ್ಚದೆ ಒಳಗೇ ತೊಳೆಯುವುದಕ್ಕೆ ನಾವು ಸಿಐಪಿ ಅಂತೀವಿ. ನೀರು, ಬಿಸಿ ಕಾಸ್ಟಿಕ್ (ಕಾಸ್ಟಿಕ್ ಸೋಡಾ ಕರಗಿಸಿದ ನೀರು), ಮತ್ತೆ ನೀರು, ಆಸಿಡ್, ಕೊನೆಗೆ ನೀರು. ರಿಟರ್ನ್ ಪೈಪಿನಲ್ಲಿ ಈಗ ಏನು ಬರ್ತಿದೆ ಅಂತ ಹೇಳುವುದು ಕಂಡಕ್ಟಿವಿಟಿ ಸೆನ್ಸರ್, ಅಂದರೆ ದ್ರವದಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ಅಳೆಯುವುದು. ಹಾಲು ಸೆಂಟಿಮೀಟರಿಗೆ ಸುಮಾರು 5 ಮಿಲಿಸೀಮೆನ್ಸ್. ಒಂದು ಪರ್ಸೆಂಟ್ ಕಾಸ್ಟಿಕ್ 25 ಡಿಗ್ರಿಯಲ್ಲಿ 50ರ ಆಸುಪಾಸು. ಇವೆರಡನ್ನು ಬೇರೆ ಮಾಡುವುದು ಏನೂ ಕಷ್ಟ ಇಲ್ಲ. ತಲೆನೋವು ಇರುವುದು ಕಾಸ್ಟಿಕ್ ನಂತರದ ನೀರಿನಲ್ಲಿ.

ಮೆಷಿನ್ ಹಾಕಿದವರು 1 ಮಿಲಿಸೀಮೆನ್ಸ್‌ಗಿಂತ ಕಡಿಮೆ ಬಂದರೆ ತೊಳೆದಾಯ್ತು ಅಂತ ಸೆಟ್ ಮಾಡಿ ಹೋಗಿದ್ದರು. ನಮ್ಮ ಕಡೆ ಬೋರ್ ನೀರಿನಲ್ಲಿ ಲವಣ ಎಷ್ಟು ಅಂತ ಗೊತ್ತಲ್ವಾ? ಬೇಸಿಗೆಯಲ್ಲಿ ಒಳಗೆ ಬರುವ ನೀರೇ 1 ದಾಟುತ್ತಿತ್ತು. "ಸಾರ್, ನೀರು ಸುಮ್ನೆ ಮೋರಿಗೆ ಹೋಗ್ತಾನೇ ಇದೆ" ಅಂತ ನೈಟ್ ಶಿಫ್ಟಿನಿಂದ ಫೋನು. ಟ್ಯಾಂಕರ್ ನೀರು ಬಂದ ದಿನ ಲೆಕ್ಕವೇ ಬೇರೆ.

ಒಳಗೆ ಹೋಗುವ ನೀರಿನ ಪೈಪಿಗೂ ಒಂದು ಸೆನ್ಸರ್ ಹಾಕಿಸಿದೆ. ಈಗ ಪಿಎಲ್‌ಸಿ (ಮೆಷಿನ್ ನಡೆಸುವ ಕಂಪ್ಯೂಟರ್) ನೋಡುವುದು ಎರಡರ ನಡುವಿನ ವ್ಯತ್ಯಾಸ ಮಾತ್ರ.

ಇನ್ನೊಂದು ವಿಷಯ ಟೆಂಪರೇಚರ್. ಒಂದು ಡಿಗ್ರಿ ಏರಿದರೆ ಕಂಡಕ್ಟಿವಿಟಿ ಸುಮಾರು ಎರಡು ಪರ್ಸೆಂಟ್ ಏರುತ್ತದೆ. ಮೀಟರ್ ಅದನ್ನು ಕಳೆದು 25 ಡಿಗ್ರಿಯ ಲೆಕ್ಕ ತೋರಿಸುತ್ತದೆ. 75 ಡಿಗ್ರಿ ಕಾಸ್ಟಿಕ್ ಹಿಂದೆಯೇ ತಣ್ಣೀರು ಬಂದಾಗ ಪ್ಲಾಸ್ಟಿಕ್ ಒಳಗಿನ ಟೆಂಪರೇಚರ್ ಸೆನ್ಸರ್ ಇನ್ನೂ ಬಿಸಿಯಾಗೇ ಇರುತ್ತದೆ. ಮೀಟರ್ ಜಾಸ್ತಿ ಕಳೆದುಬಿಡುತ್ತದೆ. ನಿಜಕ್ಕೆ ಇರುವುದರ ಅರ್ಧ ತೋರಿಸಿದರೂ ಆಶ್ಚರ್ಯ ಇಲ್ಲ. ಅಂದರೆ ಕಾಸ್ಟಿಕ್ ಇದ್ದಾಗಲೇ ತೊಳೆದಾಯ್ತು ಅನ್ನುತ್ತದೆ! ಅದಕ್ಕೇ ಟೆಂಪರೇಚರ್ ಒಂದು ಮಟ್ಟಕ್ಕೆ ನಿಲ್ಲುವ ತನಕ ರೀಡಿಂಗ್ ಲೆಕ್ಕಕ್ಕೆ ತಗೋಬಾರದು ಅಂತ ಪ್ರೋಗ್ರಾಂನಲ್ಲಿ ಬರೆಸಿದೆ.

ಸೆನ್ಸರ್ ಉಂಗುರದ ತರಹದ ಇಂಡಕ್ಟಿವ್ (ಒಳಗಿನ ತಂತಿ ಸುರುಳಿಯಿಂದ ಅಳೆಯುವುದು) ಆದರೆ ಒಳ್ಳೇದು, ದ್ರವಕ್ಕೆ ತಾಗುವ ಎಲೆಕ್ಟ್ರೋಡ್ ಇಲ್ಲದ ಕಾರಣ ಹಾಲುಗಲ್ಲು (ಹಾಲಿನಿಂದ ಗಟ್ಟಿಯಾಗಿ ಅಂಟಿದ ಪದರ) ಕೂತರೂ ಅಷ್ಟಾಗಿ ಕೆಡುವುದಿಲ್ಲ. ನೀರು ಮೇಲಕ್ಕೆ ಹತ್ತುವ ಪೈಪಿನಲ್ಲಿ ಕೂರಿಸಿ, ಗಾಳಿ ನಿಲ್ಲುವುದಿಲ್ಲ. ಪೈಪು ಸಣ್ಣದಾದರೆ ಅದರ ಗೋಡೆಯೂ ರೀಡಿಂಗ್ ಬದಲಿಸುತ್ತದೆ, ಹಾಗಾಗಿ ಬಕೆಟ್ಟಿನಲ್ಲಿ ಅದ್ದಿ ಮಾಡಿದ ಕ್ಯಾಲಿಬ್ರೇಶನ್ (ರೀಡಿಂಗ್ ಸರಿಹೊಂದಿಸುವುದು) ನಂಬಬೇಡಿ. ಕೂರಿಸಿದ ಮೇಲೆ ಅಲ್ಲೇ ಮಾಡಿ.

ಮೀಟರ್ ಏನೇ ಹೇಳಲಿ, ಕೊನೆಯ ನೀರಿಗೆ ಎರಡು ಹನಿ ಫಿನಾಲ್ಫ್ತಲೀನ್ ಹಾಕಿ ನೋಡುತ್ತೇವೆ. ಗುಲಾಬಿ ಬಣ್ಣ ಬಂದರೆ ಕಾಸ್ಟಿಕ್ ಇನ್ನೂ ಇದೆ. ಬೋರ್ ನೀರಿಗೇ ಬಣ್ಣ ಬರುತ್ತದಾ ಅಂತ ಮೊದಲು ನೋಡಿಕೊಳ್ಳಬೇಕು, ಅಷ್ಟೇ.