ನಂಬರ್ ನೋಡಿಸಿದರೆ ಕಣ್ಣು ನೋಡಿಸಿದಂತಲ್ಲ

ಯಂತ್ರಕ್ಕೆ ಗದ್ದ ಊರಿ ಕೂತು, ಒಳಗೆ ಮಸುಕಾಗಿ ಕಂಡು ಆಮೇಲೆ ಸ್ಪಷ್ಟವಾಗುವ ಬಣ್ಣದ ಬಲೂನನ್ನು ನೋಡಿ, ನಂಬರ್ ಚೀಟಿ ಹಿಡಿದು ಎದ್ದರೆ ‘ಕಣ್ಣು ಚೆಕ್ ಮಾಡಿಸಿದೆ’ ಎಂದುಬಿಡುತ್ತೇವೆ. ಆ ಯಂತ್ರ ಹೇಳುವುದು ಕನ್ನಡಕದ ಪವರ್ ಸುಮಾರು ಎಷ್ಟಿರಬೇಕು ಎಂಬುದನ್ನು ಮಾತ್ರ. ಕಣ್ಣಿನ ಒತ್ತಡವಾಗಲಿ, ಹಿಂಬದಿಯ ರೆಟಿನಾ, ದೃಷ್ಟಿನರಗಳ ಸ್ಥಿತಿಯಾಗಲಿ ಅದಕ್ಕೆ ಗೊತ್ತಾಗುವುದಿಲ್ಲ. ದೃಷ್ಟಿನರವನ್ನು ಹಾಳುಮಾಡುವ ಗ್ಲುಕೋಮಾ ಸಾಮಾನ್ಯವಾಗಿ ನೋವಿಲ್ಲದೆ, ನೋಟವನ್ನು ಅಂಚಿನಿಂದ ಸವೆಸುತ್ತಾ ಬರುತ್ತದೆ. ಗೋಡೆಯ ಪಟದ ಕೊನೆಯ ಸಾಲನ್ನು ಪಟಪಟ ಓದುವವರಿಗೂ ಅದು ಇರಬಹುದು. ಹೀಗೆ ಹೋದ ನೋಟ ಮತ್ತೆ ಬರುವುದಿಲ್ಲ.

ಹಾಗಾಗಿ ಬೇಕಾದದ್ದು ಪೂರ್ತಿ ಪರೀಕ್ಷೆ. ಅದನ್ನು ಮಾಡಿಸಿಕೊಳ್ಳುವ ಕ್ರಮ ಹೀಗಿದೆ.

ಮೊದಲು, ಯಾವಾಗ ಹೋಗಬೇಕು?

ಯಾವ ತೊಂದರೆಯೂ ಇಲ್ಲದಿದ್ದರೂ 40ಕ್ಕೆ ಒಮ್ಮೆ ಹೋಗಿ. ಹೇಗೂ ಚಾಳೀಸು ಬರುವ ವಯಸ್ಸು, ಕನ್ನಡಕದ ನೆಪದಲ್ಲೇ ಎಲ್ಲವೂ ಆಗಲಿ. ಮತ್ತೆ ಯಾವಾಗ ಬರಬೇಕೆಂದು ವೈದ್ಯರು ಹೇಳುತ್ತಾರೆ. 65 ದಾಟಿದವರು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ತೋರಿಸಬೇಕು. ಟೈಪ್ 2 ಸಕ್ಕರೆ ಕಾಯಿಲೆ ಇರುವವರು ಕಾಯಿಲೆ ಗೊತ್ತಾದ ಕೂಡಲೇ ಹೋಗಬೇಕು. ಏಕೆಂದರೆ ಅದು ಗೊತ್ತಾಗುವ ಹೊತ್ತಿಗೆ ದೇಹದೊಳಗೆ ಸೇರಿ ವರ್ಷಗಳೇ ಕಳೆದಿರಬಹುದು. ಆಮೇಲೂ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ತಪ್ಪಿಸಬಾರದು. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಗ್ಲುಕೋಮಾ ಇದ್ದರೆ 40ರವರೆಗೆ ಕಾಯಬೇಡಿ.

ಮಕ್ಕಳನ್ನು ಶಾಲೆಗೆ ಸೇರಿಸುವ ಮೊದಲೇ ತೋರಿಸಿ. ಒಂದು ಕಣ್ಣು ಮಂಜಾಗಿದ್ದರೂ ಮಗು ದೂರುವುದಿಲ್ಲ, ಎಲ್ಲರಿಗೂ ಹೀಗೇ ಕಾಣುತ್ತದೆಂದು ಅದು ನಂಬಿರುತ್ತದೆ. ‘ಸೋಮಾರಿ ಕಣ್ಣು’ ಎನ್ನುವ ಈ ತೊಂದರೆಗೆ ಚಿಕಿತ್ಸೆ ಎಳವೆಯಲ್ಲಿ ಹಿಡಿಸಿದಷ್ಟು ಚೆನ್ನಾಗಿ ಮುಂದೆ ಹಿಡಿಸುವುದಿಲ್ಲ.

ಹೊರಡುವ ಮುನ್ನ

ಈಗಿನ ಕನ್ನಡಕ, ಹಳೆಯ ಚೀಟಿಗಳು, ತೆಗೆದುಕೊಳ್ಳುವ ಔಷಧಿಗಳ ಪಟ್ಟಿ ಜೊತೆಗಿರಲಿ. ಪಟ್ಟಿಯಲ್ಲಿ ಸ್ಟೀರಾಯ್ಡ್ ಬಿಟ್ಟುಹೋಗದಿರಲಿ, ಅದು ಹನಿ, ಮಾತ್ರೆ, ಮುಲಾಮು ಯಾವ ರೂಪದಲ್ಲಿದ್ದರೂ ಸರಿ. ಹೆಚ್ಚು ದಿನ ಬಳಸಿದರೆ ಅದು ಕಣ್ಣಿನ ಒತ್ತಡ ಏರಿಸಬಲ್ಲದು, ಪೊರೆಯನ್ನೂ ತರಬಲ್ಲದು. ಕೀಲುನೋವಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ನುಂಗುವವರೂ ಅದನ್ನು ಹೇಳಲೇಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಂದು ಕನ್ನಡಕದಲ್ಲೇ ಹೋಗುವುದು ಒಳ್ಳೆಯದು. ತಂಪು ಕನ್ನಡಕ ಬೇಕು, ಜೊತೆಗೆ ಗಾಡಿ ಓಡಿಸುವ ಯಾರಾದರೂ ಬೇಕು. ಊಟದ ಬಿಡುವಿನಲ್ಲಿ ಮುಗಿಸಿ ಬರುವ ಕೆಲಸವಲ್ಲ ಇದು, ಒಂದೆರಡು ಗಂಟೆ ಕೈಯಲ್ಲಿರಲಿ.

ಅಕ್ಷರಗಳ ಮುಂದೆ

ದೊಡ್ಡಕ್ಷರದಿಂದ ಸಣ್ಣಕ್ಕಿಳಿಯುವ ಆ ಪಟವನ್ನು 1862ರಲ್ಲಿ ರೂಪಿಸಿದವರು ನೆದರ್‌ಲೆಂಡ್ಸಿನ ವೈದ್ಯ ಹರ್ಮನ್ ಸ್ನೆಲೆನ್. 6/12 ಎಂದು ಬರೆದುಕೊಟ್ಟರೆ, ಸರಿಯಾದ ಕಣ್ಣು 12 ಮೀಟರ್ ದೂರದಿಂದ ಓದುವುದನ್ನು ನೀವು 6 ಮೀಟರಿಗೆ ಬಂದು ಓದಿದಿರಿ ಎಂದರ್ಥ. ಇಲ್ಲಿ ನಾವೆಲ್ಲ ಪರೀಕ್ಷೆ ಬರೆಯುವ ವಿದ್ಯಾರ್ಥಿಗಳಾಗಿಬಿಡುತ್ತೇವೆ. ಎಡಗಣ್ಣಿನ ಸರದಿ ಬಂದಾಗ, ಬಲಗಣ್ಣಿನಲ್ಲಿ ಓದಿದ್ದ ಸಾಲನ್ನೇ ನಾನು ಬಾಯಿಪಾಠ ಒಪ್ಪಿಸಿದ್ದುಂಟು. ಕಣ್ಣು ಕಿರಿದು ಮಾಡಬೇಡಿ, ಬೆರಳಿನ ಸಂದಿಯಿಂದ ಇಣುಕಬೇಡಿ, ಮುಚ್ಚಿದ ಕಣ್ಣನ್ನು ಒತ್ತಲೂಬೇಡಿ. ಗಾಜು ಬದಲಿಸುತ್ತಾ ‘ಇದು ಚೆನ್ನಾಗಿದೆಯಾ, ಅದಾ?’ ಎಂದು ಕೇಳಿದಾಗ ಎರಡೂ ಒಂದೇ ಥರ ಕಂಡರೆ ಹಾಗೆಯೇ ಹೇಳಿ.

ಬಳಿಕ ಟಾರ್ಚ್ ಬಿಟ್ಟು ಪಾಪೆ ನೋಡುತ್ತಾರೆ, ಬೆರಳಾಡಿಸಿ ಕಣ್ಣಿನ ಚಲನೆ ಗಮನಿಸುತ್ತಾರೆ. ಸ್ಲಿಟ್ ಲ್ಯಾಂಪ್ ಎಂಬ, ಸಣ್ಣ ಬೆಳಕಿನ ಗೆರೆ ಬಿಡುವ ಸೂಕ್ಷ್ಮದರ್ಶಕದಲ್ಲಿ ಕಣ್ಣಿನ ಮುಂಭಾಗವನ್ನೂ, ಪೊರೆ ಬಂದಿದೆಯೇ ಎಂಬುದನ್ನೂ ನೋಡುತ್ತಾರೆ.

ಒತ್ತಡ

ಒಂದು ವಿಧಾನದಲ್ಲಿ ಕಣ್ಣಿಗೆ ಫುಸ್ಸೆಂದು ಗಾಳಿ ಊದುತ್ತಾರೆ. ಬೆಚ್ಚಿಬೀಳುತ್ತೀರಿ, ಅಷ್ಟೇ. ಇನ್ನೊಂದರಲ್ಲಿ ಮರಗಟ್ಟಿಸುವ ಹನಿ ಹಾಕಿ ಸಣ್ಣ ಸಾಧನವನ್ನು ಮೆಲ್ಲಗೆ ತಾಗಿಸುತ್ತಾರೆ. ಸಾಮಾನ್ಯವಾಗಿ ಕಣ್ಣಿನ ಒತ್ತಡ 10ರಿಂದ 21 ಮಿ.ಮೀ. ಪಾದರಸದಷ್ಟಿರುತ್ತದೆ. ಆದರೆ 16 ಬಂತೆಂದು ನಿರಾಳರಾಗಿ ಎದ್ದು ಹೊರಡಬೇಡಿ. ಒತ್ತಡ ಈ ಮಿತಿಯೊಳಗಿದ್ದೂ ಗ್ಲುಕೋಮಾ ಬರುವವರಿದ್ದಾರೆ. ದೃಷ್ಟಿನರವನ್ನು ಕಣ್ಣಾರೆ ನೋಡದೆ ತೀರ್ಮಾನವಿಲ್ಲ.

ಹನಿ ಹಾಕಿಸಿಕೊಳ್ಳಿ

ಜನ ಜಾರಿಕೊಳ್ಳುವುದು ಇಲ್ಲೇ. ‘ಆಫೀಸಿಗೆ ಹೋಗಬೇಕು, ಇವತ್ತು ಬೇಡ’ ಎನ್ನುತ್ತಾರೆ. ಒಳಗೆ ನೋಡಲು ಬೆಳಕು ಬಿಟ್ಟರೆ ಪಾಪೆ ಇನ್ನೂ ಕುಗ್ಗುತ್ತದೆ, ಹಾಗಾಗಿ ಬಾಗಿಲ ಸಂದಿಯಿಂದ ಕೋಣೆ ನೋಡಿದಂತಾಗುತ್ತದೆ. ಹನಿ ಪಾಪೆಯನ್ನು ಅಗಲಿಸಿ ಬಾಗಿಲನ್ನೇ ತೆರೆಯುತ್ತದೆ. ರೆಟಿನಾದ ಅಂಚಿನವರೆಗೂ ನೋಟ ಸಿಗುತ್ತದೆ.

ಸ್ವಲ್ಪ ಉರಿಯುತ್ತದೆ. ಕಣ್ಣು ಮುಚ್ಚಿ ಇಪ್ಪತ್ತು ಮೂವತ್ತು ನಿಮಿಷ ಕೂರಬೇಕು. ಮೆಸೇಜ್ ನೋಡೋಣವೆಂದು ಫೋನ್ ತೆಗೆದರೆ ಅಕ್ಷರಗಳು ನೀರಲ್ಲಿ ಕದಡಿದ ಹಾಗೆ, ತೋಳುದ್ದ ಚಾಚಿದರೂ ಓದಲಾಗದು. ಆಮೇಲೆ ವೈದ್ಯರು ತಲೆಗೆ ದೀಪ ಕಟ್ಟಿಕೊಂಡು, ಕೈಯಲ್ಲೊಂದು ದಪ್ಪ ಮಸೂರ ಹಿಡಿದು ‘ಮೇಲೆ ನೋಡಿ, ಬಲಕ್ಕೆ, ಕೆಳಗೆ’ ಎನ್ನುತ್ತಾರೆ. ಬೆಳಕು ಸರಿದ ಮೇಲೆ ಕೆಲ ಕ್ಷಣ ಎದುರಿನ ಗೋಡೆಯೂ ವೈದ್ಯರ ಮುಖವೂ ನೇರಳೆಗೆಂಪು.

ಕತ್ತರಿಸದೆ, ಚುಚ್ಚದೆ ರಕ್ತನಾಳಗಳನ್ನು ನೇರವಾಗಿ ನೋಡಲು ಸಿಗುವ ಜಾಗ ಈ ರೆಟಿನಾ. ಸಕ್ಕರೆ ಕಾಯಿಲೆ ಇಲ್ಲಿ ಕೆಂಪು ಚುಕ್ಕೆ, ಹಳದಿ ಕಲೆಗಳನ್ನು ಮೂಡಿಸುತ್ತದೆ. ಬಹುಕಾಲದ ಬಿಪಿಯಿಂದ ನಾಳಗಳು ಕಿರಿದಾಗಿರುತ್ತವೆ. ನೋಟ ಚೆನ್ನಾಗಿರುವಾಗಲೇ ಇವೆಲ್ಲ ಶುರುವಾಗಿರಬಹುದು.

ಹನಿಯ ಮಂಜು ಇಳಿಯಲು ನಾಲ್ಕಾರು ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಗಾಡಿ ಮುಟ್ಟಬೇಡಿ.

ಏಳುವ ಮುನ್ನ ಕೇಳಿ

ಒತ್ತಡ ಎಷ್ಟು? ದೃಷ್ಟಿನರ ಹೇಗಿದೆ? ರೆಟಿನಾದಲ್ಲಿ ಏನಾದರೂ ಇದೆಯಾ? ಮತ್ತೆ ಯಾವಾಗ ಬರಲಿ? ಉತ್ತರಗಳನ್ನು ಬರೆಸಿಕೊಳ್ಳಿ. ಇಂದಿನ ಅಂಕಿಗಿಂತ, ಮುಂದಿನ ಸಲ ಅದು ಎಷ್ಟು ಬದಲಾಗಿದೆ ಎನ್ನುವುದು ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಇಷ್ಟೆಲ್ಲ ಮಾಡಿಸಿದ ಮೇಲೂ ಒಂದು ದಿನ ಕಣ್ಣಂಚಿನಲ್ಲಿ ಮಿಂಚು ಹೊಡೆದಂತಾದರೆ, ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ಮುತ್ತಿಕೊಂಡರೆ, ಪರದೆ ಇಳಿಬಿಟ್ಟಂತೆ ಒಂದು ಬದಿ ಕತ್ತಲಾದರೆ, ಬೆಳಗಾಗಲಿ ನೋಡೋಣ ಎಂದು ಮಲಗಬೇಡಿ. ರೆಟಿನಾ ಕಳಚುತ್ತಿರಬಹುದು. ಚೀಟಿಯಲ್ಲಿ ಮುಂದಿನ ತಾರೀಖು ಆರು ತಿಂಗಳಾಚೆ ಇದ್ದರೂ ಆಗಲೇ ಹೊರಡಿ.