ಡಿಸ್ಚಾರ್ಜ್ ಆದ ಮೇಲೆ ಅಜ್ಜ ಎಲ್ಲಿಗೆ ಹೋದರು?

ಗದಗ ಜಿಲ್ಲೆಯಲ್ಲಿ ಫಿಸಿಯೋಥೆರಪಿ ಮಾಡುವವಳು ನಾನು. ನಿಮ್ಮ ತಾಲೂಕಿನ ಪುನಶ್ಚೇತನ ಸೇವೆ (ಕಾಯಿಲೆ, ಪೆಟ್ಟಿನ ನಂತರ ಮತ್ತೆ ಓಡಾಡಲು, ಕೆಲಸ ಮಾಡಲು ನೆರವಾಗುವುದು) ಹೇಗಿದೆ ಅಂತ ನೋಡಬೇಕಾ? ಸುಮ್ನೆ ಯಂತ್ರ ಎಣಿಸಬೇಡಿ, ರೋಗಿಯ ಬೆನ್ನು ಹತ್ತಿ. ಮುಂಡರಗಿ ಕಡೆಯ ಅಜ್ಜ ಒಬ್ಬರಿಗೆ ಲಕ್ವಾ ಹೊಡೆದಿತ್ತು. ಡಿಸ್ಚಾರ್ಜ್ ಆದ ಮೇಲೆ ವ್ಯಾಯಾಮಕ್ಕೆ ಎರಡೇ ಸಲ ಬಂದು ನಿಲ್ಲಿಸಿದರು. ಕೇಳಿದರೆ, ಕರೆತರಲು ಮಗ ಒಂದು ದಿನದ ಕೂಲಿ ಬಿಡಬೇಕಂತೆ. ಇದು ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ.

ಆಮೇಲೆ ಸಿಬ್ಬಂದಿ, ಊರುಗೋಲು, ವೀಲ್‌ಚೇರ್, ಹಣ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ದೇಶಗಳಿಗೆ ಕೊಟ್ಟ ಮಾರ್ಗದರ್ಶಿಯಲ್ಲಿ 4 ಹಂತಗಳಿವೆ: ಪರಿಸ್ಥಿತಿ ಅರಿಯುವುದು, ಯೋಜನೆ, ಪ್ರಗತಿ ಅಳೆಯುವ ಗುರುತುಗಳು, ಯೋಜನೆಯನ್ನು ಜಾರಿ ಮಾಡುತ್ತಾ ಮತ್ತೆ ಮತ್ತೆ ಪರಿಶೀಲನೆ. ಈ ಪರಿಶೀಲನೆಯನ್ನೇ ಮರೆಯುವುದು ಜಾಸ್ತಿ, ನಾನೂ ಮರೆತಿದ್ದೇನೆ.

ಸುಧಾರಿಸಬೇಕಾದರೆ, ಮೊದಲು ಡಿಸ್ಚಾರ್ಜ್ ಚೀಟಿಯಲ್ಲೇ ಮುಂದಿನ ವ್ಯಾಯಾಮದ ದಿನ ಬರೆಸಿ. ಆಶಾ ಕಾರ್ಯಕರ್ತೆಗೂ ತಿಳಿಸಿ. ಮೂರು ತಿಂಗಳಾದ ಮೇಲೆ ಎಷ್ಟು ಜನ ಬಂದರು ಅಂತ ಎಣಿಸಿ.